ಝಂಡಾ ಇಳಿಸಿದ ಮೇಲೆ ಉಳಿಯುವ ದೇಶಭಕ್ತಿ

ಕಲಬುರಗಿ, ಬೀದರ್, ಯಾದಗಿರಿಯ ಶಾಲೆ ಮತ್ತು ಕಚೇರಿಗಳ ಧ್ವಜಕಟ್ಟೆಗೆ ಜನವರಿ 26, ಆಗಸ್ಟ್ 15ರಷ್ಟೇ ದೊಡ್ಡದಾದ ಇನ್ನೊಂದು ದಿನವಿದೆ: ಸೆಪ್ಟೆಂಬರ್ 17. ಮೈಸೂರು, ಮಂಗಳೂರಿನವರಿಗೆ ಅದು ಮಾಮೂಲಿ ದಿನ. ಇಲ್ಲಿ 2019ರಿಂದ ಅದಕ್ಕೆ ಕಲ್ಯಾಣ ಕರ್ನಾಟಕ ಉತ್ಸವ ಎಂಬ ಹೆಸರು. ಹಿರಿಯರ ಬಾಯಲ್ಲಿ ಈಗಲೂ ವಿಮೋಚನಾ ದಿನ. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ ಈ ಸೀಮೆ ಹೈದರಾಬಾದ್ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ಸಂಸ್ಥಾನದಲ್ಲಿತ್ತು. ಭಾರತ ಸೇರಲು ನಿಜಾಮ ಒಪ್ಪಲಿಲ್ಲ. 1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಗಡಿ ದಾಟಿತು, 17ರಂದು ನಿಜಾಮ ಕದನವಿರಾಮ ಘೋಷಿಸಿದ. ನಡುವಿನ ಹದಿಮೂರು ತಿಂಗಳು ಇಲ್ಲಿ ತ್ರಿವರ್ಣ ಧ್ವಜ ಏರಿಸಿದವರು ಜೈಲು ಕಂಡರು, ನಿಜಾಮನ ಪರ ನಿಂತ ಖಾಸಗಿ ಪಡೆ ರಜಾಕಾರರ ಏಟು ತಿಂದರು. ಬೀದರ್ ಜಿಲ್ಲೆಯ ಗೋರ್ಟಾ (ಬಿ) ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯೆಯನ್ನು ಊರು ಮರೆತಿಲ್ಲ. ಸೇನಾ ಕಾರ್ಯಾಚರಣೆಯ ಬೆನ್ನಿಗೆ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನೂ ಮರೆಯಬಾರದು. ಅದನ್ನು ತಿಳಿದು ಬರಲು ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಹೆಚ್ಚು ನಲುಗಿದ ಜಿಲ್ಲೆಗಳೆಂದು ಹೆಸರಿಸಿದವುಗಳಲ್ಲಿ ಆಗಿನ ಗುಲ್ಬರ್ಗಾ, ಬೀದರ್ ಎರಡೂ ಇವೆ. ಆ ವರ್ಷದ ನೋವನ್ನು ಹೇಳುವಾಗ ಎರಡನ್ನೂ ಹೇಳಬೇಕು.

ಅಷ್ಟು ಬೆಲೆ ತೆತ್ತು ಈ ಭಾಗದ ಜನ ಪಡೆದದ್ದೇನು? ಬಾವುಟದ ಜೊತೆಗೆ ಒಂದು ಓಟು, ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಹಕ್ಕು, ಮುಂದೆ ಸರ್ಕಾರದ ಕಡತ ತೆಗೆಸಿ ನೋಡುವ ಹಕ್ಕು. ಸಾಮಾನ್ಯ ನಾಗರಿಕನ ದೇಶಭಕ್ತಿ ಎಂದರೆ ಇವನ್ನು ದಿನನಿತ್ಯ ಬಳಸುವುದು, ಪಕ್ಕದ ಮನೆಯವರ ಕೈಯಿಂದಲೂ ಇವು ಜಾರದಂತೆ ನೋಡಿಕೊಳ್ಳುವುದು. ಅದಕ್ಕೆ ಭಾವನೆಯ ಜೊತೆ ತಿಳಿವಳಿಕೆಯೂ ಬೇಕು: ಯಾವ ನಮೂನೆ, ಯಾವ ಕಚೇರಿ, ಎಷ್ಟು ದಿನ, ಎಲ್ಲಿ ಎಡವುತ್ತೇವೆ. ಈ ಲೇಖನ ಇರುವುದು ಅದಕ್ಕೆ.

ಮೊದಲು ಧ್ವಜ

ಧ್ವಜ ಸಂಹಿತೆ 2002ರ ಪ್ರಕಾರ ಬಾವುಟದ ಉದ್ದ, ಅಗಲ 3:2 ಇರಬೇಕು. ಮನೆಗೆ 900 × 600 ಮಿಲಿಮೀಟರ್ ಅಳತೆ ಚೆನ್ನಾಗಿ ಒಪ್ಪುತ್ತದೆ. ಚಕ್ರದಲ್ಲಿ 24 ಅರೆಗಳಿರಬೇಕು. ಸಂತೆಯ ಅಗ್ಗದ ಬಾವುಟಗಳಲ್ಲಿ ಮೊದಲು ತಪ್ಪುವುದೇ ಇದು, ಕೊಳ್ಳುವಾಗ ಒಮ್ಮೆ ಎಣಿಸಿ. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಪಾಲಿಯೆಸ್ಟರ್ ಮತ್ತು ಯಂತ್ರದಲ್ಲಿ ತಯಾರಾದ ಬಾವುಟಕ್ಕೂ ಅವಕಾಶ ಸಿಕ್ಕಿದೆ. 2022ರ ಜುಲೈನಿಂದ ಮನೆಯ ಮೇಲೆ ಹಗಲು ರಾತ್ರಿ ಹಾರಿಸಬಹುದು. ಆದರೂ ಕೈಗೆಟುಕಿದರೆ ಖಾದಿಯನ್ನೇ ಕೊಳ್ಳಿ. ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಮಾನಕ ಬಾವುಟ ಹೊಲಿಯುವ ಹೆಣ್ಣುಮಕ್ಕಳ ದುಡಿಮೆ ಅದರಲ್ಲಿದೆ.

ಹಾರಿಸುವಾಗ ಶಾಲೆಗಳಲ್ಲಿ ಆಗುವ ಫಜೀತಿ ಸಾಮಾನ್ಯವಾಗಿ ಒಂದೇ: ಮುಖ್ಯ ಅತಿಥಿ ಹಗ್ಗ ಎಳೆಯುತ್ತಾರೆ, ಮೇಲೆ ಕಟ್ಟಿದ ಗಂಟು ಬಿಚ್ಚುವುದಿಲ್ಲ. ಕಾರಣ ಮೂರು. ಜಾರುಗಂಟು ಹಾಕುವ ಬದಲು ಎರಡು ಸುತ್ತು ಬಿಗಿದಿರುತ್ತಾರೆ. ಆಗಸ್ಟ್ ಮಳೆಗೆ ನೆನೆದ ಹಗ್ಗ ಗಂಟನ್ನು ಕಚ್ಚಿಕೊಳ್ಳುತ್ತದೆ. ಇಲ್ಲವೇ ಒಳಗೆ ಹೂವಿನ ಎಸಳು ವಿಪರೀತ ತುಂಬಿ ಗಂಟಿನ ಮೇಲೆ ಭಾರ ಬಿದ್ದಿರುತ್ತದೆ. ಹೂವಿನ ಎಸಳು ಹಾಕಲು ಸಂಹಿತೆಯಲ್ಲಿ ಅಡ್ಡಿಯಿಲ್ಲ, ಒಂದು ಹಿಡಿ ಸಾಕು. ಹಿಂದಿನ ಸಂಜೆ ಅಷ್ಟೇ ದೊಡ್ಡ ಬೇರೆ ಬಟ್ಟೆ ಕಟ್ಟಿ ಎಳೆದು ನೋಡಿ, ರಾಟೆಗೆ ಒಂದು ಹನಿ ಎಣ್ಣೆ ಬಿಡಿ. ಕೇಸರಿ ಕೆಳಗಾಗುವ ತಪ್ಪು ಮಡಿಸುವಾಗಲೇ ಆಗುವಂಥದ್ದು. ಕೇಸರಿ ಕಡೆಯ ಮೂಲೆ ಮೇಲೆ ಹೋಗುವ ಹಗ್ಗಕ್ಕೇ ಸೇರಿದೆಯೇ ಎಂದು ಕಟ್ಟುವವರಲ್ಲದೆ ಇನ್ನೊಬ್ಬರೂ ನೋಡಬೇಕು. ಏರಿಸುವುದು ಚುರುಕಾಗಿ, ಇಳಿಸುವುದು ನಿಧಾನವಾಗಿ, ಗೌರವದಿಂದ.

ಗೋಡೆಯ ಮೇಲೆ ಉದ್ದುದ್ದ ಇಳಿಬಿಟ್ಟರೆ ಕೇಸರಿ ನೋಡುವವರ ಎಡಕ್ಕೆ ಬರಬೇಕು. ವೇದಿಕೆಯಲ್ಲಿ ಕಂಬಕ್ಕೆ ಕಟ್ಟಿ ನಿಲ್ಲಿಸಿದರೆ ಸಭಿಕರತ್ತ ಮುಖ ಮಾಡಿದ ಭಾಷಣಕಾರರ ಬಲಕ್ಕೆ. ಮೇಜಿಗೆ ಹೊದಿಸಬಾರದು, ಮೇಲೆ ಏನನ್ನೂ ಬರೆಯಬಾರದು, ಅದೇ ಕಂಬಕ್ಕೆ ಬೇರೆ ಬಾವುಟ ಕಟ್ಟಬಾರದು. ಹರಿದ, ಬಣ್ಣ ಮಾಸಿದ ಬಾವುಟ ಹಾರಿಸಬಾರದು. ಅದನ್ನು ಕಸಕ್ಕೆ ಹಾಕದೆ, ಒರೆಸುವ ಬಟ್ಟೆ ಮಾಡದೆ, ಮರೆಯಲ್ಲಿ ಇಡಿಯಾಗಿ ಗೌರವದಿಂದ ಸುಟ್ಟು ವಿಲೇವಾರಿ ಮಾಡುವುದು ಸಂಹಿತೆ ಹೇಳುವ ಉತ್ತಮ ದಾರಿ. ಮಕ್ಕಳ ಕೈಯ ಕಾಗದದ ಝಂಡಾಗಳನ್ನು ಮೆರವಣಿಗೆ ಮುಗಿಯುವ ಜಾಗದಲ್ಲೇ ಒಂದು ಡಬ್ಬಿ ಇಟ್ಟು ವಾಪಸ್ ಪಡೆದರೆ ಮರುದಿನ ಅವು ಚರಂಡಿಯಲ್ಲಿ ತೇಲುವುದಿಲ್ಲ.

ರಾಷ್ಟ್ರಗೀತೆಯ ಬಗ್ಗೆ ಜಗಳ ಬೇಡ, ಕಾನೂನು ಸ್ಪಷ್ಟವಿದೆ. ಹಾಡುವುದನ್ನು ಬೇಕೆಂದೇ ತಡೆಯುವುದು, ಹಾಡುತ್ತಿರುವ ಸಭೆಗೆ ಅಡ್ಡಿಪಡಿಸುವುದು 1971ರ ರಾಷ್ಟ್ರ ಗೌರವ ಅಪಮಾನ ತಡೆ ಕಾಯ್ದೆಯಡಿ ಅಪರಾಧ, ಮೂರು ವರ್ಷದವರೆಗೆ ಜೈಲು. ಗೌರವದಿಂದ ಎದ್ದು ನಿಂತವರು ಬಾಯಿಬಿಟ್ಟು ಹಾಡದಿದ್ದರೆ ಅದು ಅಗೌರವವಲ್ಲ ಎಂದು ಸುಪ್ರೀಂ ಕೋರ್ಟ್ 1986ರಲ್ಲೇ ಹೇಳಿದೆ. ಪಕ್ಕದವನ ತುಟಿ ನೋಡಿ ಅವನ ದೇಶಪ್ರೇಮ ಅಳೆಯುವ ಅಧಿಕಾರ ಯಾರಿಗೂ ಇಲ್ಲ.

ಸನ್ನತಿಯ ಕಲ್ಲು, ಬೀದರ್‌ನ ಆಕಾಶ

ಸಂವಿಧಾನದ 51ಎ ವಿಧಿಯಲ್ಲಿ ನಾಗರಿಕರಿಗೆ ಹನ್ನೊಂದು ಮೂಲಭೂತ ಕರ್ತವ್ಯಗಳಿವೆ. ಹತ್ತು 1976ರ 42ನೇ ತಿದ್ದುಪಡಿಯಿಂದ ಬಂದವು. ಮಕ್ಕಳನ್ನು ಓದಿಸುವ ಹನ್ನೊಂದನೆಯದು 2002ರಲ್ಲಿ ಸೇರಿತು. ಪಾಲಿಸದಿದ್ದರೆ ಆ ವಿಧಿಯಡಿ ನೇರ ಶಿಕ್ಷೆಯಿಲ್ಲ. ಆದರೆ ಅದರ ಒಂದೊಂದು ಸಾಲಿಗೂ ನಮ್ಮ ಜಿಲ್ಲೆಗಳಲ್ಲಿ ಒಂದೊಂದು ಜಾಗ ಕಾಣಿಸುತ್ತದೆ.

ಸಮ್ಮಿಶ್ರ ಸಂಸ್ಕೃತಿಯ ಪರಂಪರೆ ಕಾಪಾಡಬೇಕು ಎಂಬ ಸಾಲನ್ನೇ ನೋಡಿ. ಬಾವುಟದ ಚಕ್ರ ಅಶೋಕನದು. ಅವನ ಶಾಸನ ನಮ್ಮ ಚಿತ್ತಾಪುರದ ಕಡೆ, ಭೀಮಾ ದಂಡೆಯ ಸನ್ನತಿಯಲ್ಲೇ ಇದೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿ ಕುಸಿದಾಗ ದೇವಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಕ್ಷರಗಳು ಕಂಡವು. ಅದರಲ್ಲಿ ಅಶೋಕನ 12ನೇ ಶಿಲಾಶಾಸನವೂ ಇದೆ: ತನ್ನ ಪಂಥವನ್ನೇ ಹೊಗಳಿಕೊಂಡು ಪರರ ಪಂಥವನ್ನು ಹಳಿಯಬೇಡಿ, ಹಾಗೆ ಮಾಡುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ ಎಂಬುದು ಅದರ ತಾತ್ಪರ್ಯ. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯ ಅಸೋಕೊ’ ಎಂದು ಹೆಸರು ಕೊರೆದ ಅಶೋಕನ ಶಿಲ್ಪವೇ ಸಿಕ್ಕಿದೆ. ಶಾಲೆಯ ಪ್ರವಾಸ ಮೊದಲು ಅಲ್ಲಿಗೆ ಹೋಗಲಿ ಎಂಬುದು ನಮ್ಮ ಆಸೆ. ಬಂದೇನವಾಜರ ದರ್ಗಾ, ಶರಣಬಸವೇಶ್ವರ ಗುಡಿ, ಬೀದರ್‌ನ ನಾನಕ್ ಝೀರಾ, ಬಸವಕಲ್ಯಾಣ ಇವನ್ನೆಲ್ಲ ಒಂದೇ ದಿನದ ದಾರಿಯಲ್ಲಿ ಕಂಡ ಮಗುವಿಗೆ ಆ ಸಾಲನ್ನು ಬಾಯಿಪಾಠ ಮಾಡಿಸಬೇಕಿಲ್ಲ.

ಬೀದರ್ ಕೋಟೆ, ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗುಂಬಜ್‌ಗಳ ಗಾರೆಯ ಮೇಲೆ ಹೆಸರು ಕೆತ್ತುವುದು ಬರೀ ಹುಡುಗಾಟವಲ್ಲ. ಸಂರಕ್ಷಿತ ಸ್ಮಾರಕ ಕೆಡಿಸಿದರೆ 2010ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕೆತ್ತಿದ ಗೀರನ್ನು ಅಳಿಸಲು ಮತ್ತೆ ಗಾರೆಯನ್ನೇ ಕೆರೆಯಬೇಕಾಗುತ್ತದೆ, ಆದ್ದರಿಂದ ಹಾನಿ ಎರಡು ಪಟ್ಟು.

ಬೀದರ್ ಊರಿನವರಿಗೆ ಇನ್ನೊಂದು ಕರ್ತವ್ಯವಿದೆ, ಅದು ಯಾವ ಭಾಷಣದಲ್ಲೂ ಬರುವುದಿಲ್ಲ. ವಾಯುಪಡೆಯ ತರಬೇತಿ ಕೇಂದ್ರ ಇಲ್ಲಿದೆ, ಸೂರ್ಯಕಿರಣ ತಂಡದ ನೆಲೆಯೂ ಇದೇ. ಕೆಳಮಟ್ಟದಲ್ಲಿ ಹಾರುವ ತರಬೇತಿ ವಿಮಾನದ ಎಂಜಿನ್ನಿಗೆ ಒಂದು ಹದ್ದು ಸಿಕ್ಕಿದರೆ ಪೈಲಟ್‌ಗೆ ಉಳಿಯುವುದು ಕೆಲವೇ ಸೆಕೆಂಡು. ಹದ್ದುಗಳನ್ನು ಕರೆಯುವುದು ನಾವು ಬಯಲಿಗೆ ಸುರಿಯುವ ಕೋಳಿ ಕರುಳು, ಸತ್ತ ದನ, ಕಲ್ಯಾಣ ಮಂಟಪದ ಎಂಜಲು. ವಿಮಾನ ನೆಲೆಯ ಸುತ್ತ 10 ಕಿಲೋಮೀಟರ್ ಒಳಗೆ ಹೀಗೆ ಬಯಲಲ್ಲಿ ಪ್ರಾಣಿ ಕಡಿಯುವುದು, ಕಸ ಸುರಿಯುವುದನ್ನು ವಿಮಾನ ನಿಯಮಗಳು ನಿಷೇಧಿಸಿವೆ. ಮಾಂಸದ ಅಂಗಡಿಯವರು ತ್ಯಾಜ್ಯವನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿಟ್ಟು ನಗರಾಡಳಿತದ ಕಸದ ಗಾಡಿಗೇ ಕೊಡಬೇಕು. ಗಾಡಿ ಬಾರದ ದಿನ ಆಳವಾದ ಗುಂಡಿ ತೋಡಿ ಮಣ್ಣು ಮುಚ್ಚಬೇಕು. ಗಡಿಯಲ್ಲಿ ನಿಂತ ಸೈನಿಕನಿಗೆ ಜೈ ಅನ್ನುವವರೆಲ್ಲ ತಲೆಯ ಮೇಲೆ ಹಾರುವ ಈ ಹುಡುಗರಿಗೆ ಇಷ್ಟು ಮಾಡಬಹುದು.

ಗುಳೆ ಹೋದವರ ಓಟು

ಈ ಮೂರು ಜಿಲ್ಲೆಗಳಲ್ಲಿ ಒಬ್ಬ ನಾಗರಿಕ ದೇಶಕ್ಕೆ ಮಾಡಬಹುದಾದ ಅತ್ಯಂತ ದೊಡ್ಡ ಸೇವೆ ಯಾವುದೆಂದು ಕೇಳಿದರೆ ನಮ್ಮ ಉತ್ತರ: ಗುಳೆ ಹೋದ ನೆರೆಯವರ ಹೆಸರು ಮತದಾರರ ಪಟ್ಟಿಯಲ್ಲಿ ಉಳಿಯುವಂತೆ ನೋಡಿಕೊಳ್ಳುವುದು. ತೊಗರಿ ರಾಶಿ ಮುಗಿದ ಮೇಲೆ ತಾಂಡಾಗಳಲ್ಲಿ, ಒಣ ಭೂಮಿಯ ಊರುಗಳಲ್ಲಿ ಮನೆ ಮನೆಗೆ ಬೀಗ ಬೀಳುತ್ತದೆ. ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋದವರು ಮಳೆಗಾಲಕ್ಕೆ ಮರಳುತ್ತಾರೆ. ಅಷ್ಟರಲ್ಲಿ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಮನೆಗೆ ಬಂದು ಬೀಗ ಕಂಡಿರುತ್ತಾರೆ. ಪಕ್ಕದವರು “ಅವ್ರು ಊರ್ ಬಿಟ್ಟಾರ್ರೀ” ಅಂದಿರುತ್ತಾರೆ. ಆ ಒಂದು ಮಾತಿಗೆ ‘ಸ್ಥಳಾಂತರ’ ಎಂದು ಗುರುತು ಬೀಳಬಹುದು.

ಕಾನೂನು ಇವರ ಪರವಾಗಿದೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಪ್ರಕರಣದ ಪ್ರಕಾರ, ವಾಸದ ಊರಿನಿಂದ ತಾತ್ಕಾಲಿಕವಾಗಿ ಹೊರಗೆ ಹೋದ ಮಾತ್ರಕ್ಕೆ ಯಾರೂ ಅಲ್ಲಿನ ಸಾಮಾನ್ಯ ನಿವಾಸಿಯಾಗಿ ಉಳಿಯದೆ ಹೋಗುವುದಿಲ್ಲ. ಹಾಗೆಯೇ, ಊರಲ್ಲಿ ಸ್ವಂತ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ನಿವಾಸಿಯೂ ಆಗುವುದಿಲ್ಲ. ಹತ್ತು ವರ್ಷದಿಂದ ಬೆಂಗಳೂರಿನಲ್ಲೇ ಸಂಸಾರ ಹೂಡಿದವರು ಹೆಸರನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಬೇಕು. ಎರಡು ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ಬಿಎಲ್‌ಒ ಕೇಳಿದಾಗ ಸರಿಯಾದ ಉತ್ತರ “ದುಡಿಯಾಕ ಹೋಗ್ಯಾರ, ಇಂಥ ತಿಂಗಳಿಗೆ ಬರ್ತಾರ” ಎಂಬುದು. ಹೋಗುವವರ ಫೋನ್ ನಂಬರನ್ನು ಬಿಎಲ್‌ಒಗೆ ಮೊದಲೇ ಕೊಟ್ಟಿದ್ದರೆ ಇನ್ನೂ ಒಳ್ಳೆಯದು.

ಮುಖ್ಯ ನಮೂನೆಗಳು ಮೂರು. ಹೊಸದಾಗಿ ಹೆಸರು ಸೇರಿಸಲು ನಮೂನೆ 6, ಹೆಸರು ತೆಗೆಯಲು ಅಥವಾ ಆಕ್ಷೇಪಿಸಲು ನಮೂನೆ 7, ತಿದ್ದುಪಡಿ, ಮನೆ ಬದಲಾವಣೆ, ಕಳೆದ ಕಾರ್ಡಿಗೆ ನಮೂನೆ 8. ಮೊದಲು ಹದಿನೆಂಟು ತುಂಬಿದವರು ಮುಂದಿನ ಜನವರಿ 1ರವರೆಗೆ ಕಾಯಬೇಕಿತ್ತು. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನ. ಹದಿನೇಳು ದಾಟಿದ ಪಿಯುಸಿ ಮಕ್ಕಳು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಸಹಾಯವಾಣಿ 1950.

ಪಟ್ಟಿಯನ್ನು ಕಾಯುವುದು ಎಷ್ಟು ಅಗತ್ಯವೆಂದು ಆಳಂದ ತೋರಿಸಿದೆ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆ ಕ್ಷೇತ್ರದಲ್ಲಿ ಹೆಸರು ತೆಗೆಯುವಂತೆ ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದವು. ಮನೆಮನೆಗೆ ಹೋಗಿ ಪರಿಶೀಲಿಸಿದಾಗ ಸರಿಯಾಗಿದ್ದವು 24. ಉಳಿದ 5,994 ತಿರಸ್ಕೃತವಾದವು, ಪೊಲೀಸ್ ಪ್ರಕರಣ ದಾಖಲಾಯಿತು. ವಿಷಯ ಹೊರಬಿದ್ದ ರೀತಿ ಗಮನಿಸಬೇಕಾದ್ದು: ಒಬ್ಬ ಬಿಎಲ್‌ಒ ಕೈಗೆ ಬಂದ ಪಟ್ಟಿಯಲ್ಲಿ ತಮ್ಮದೇ ಬಂಧುವಿನ ಹೆಸರು ಕಂಡಿತು. ಅರ್ಜಿ ಹಾಕಿದವರೆಂದು ನಮೂದಾಗಿದ್ದ ನೆರೆಯವರನ್ನು ಕೇಳಿದರೆ, ಅವರಿಗೆ ಅದರ ಗಂಧಗಾಳಿಯೂ ಇರಲಿಲ್ಲ. ಒಬ್ಬರು ಹೆಸರು ಓದಿ, ನೆರೆಯವರನ್ನು ಕೇಳಿದ್ದರಿಂದ ಸಾವಿರಾರು ಜನರ ಓಟು ಉಳಿಯಿತು. ಕರಡು ಪಟ್ಟಿ ಪ್ರಕಟವಾದಾಗ ನಿಮ್ಮ ಓಣಿಯ ಪುಟಗಳನ್ನು ಇಳಿಸಿಕೊಂಡು, ನಾಲ್ಕು ಜನ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿ. ಯಾರ ಹೆಸರಿಲ್ಲ, ಸತ್ತವರ ಹೆಸರು ಯಾವುದು ಉಳಿದಿದೆ, ಎರಡೆರಡು ಸಲ ಯಾರು ಬಂದಿದ್ದಾರೆ ಎಂಬುದನ್ನು ಓಣಿಯವರಷ್ಟು ಚೆನ್ನಾಗಿ ಯಾವ ಕಂಪ್ಯೂಟರೂ ಹೇಳಲಾರದು.

ಮತದಾನದ ದಿನ ನಿಮ್ಮ ಓಟನ್ನು ಆಗಲೇ ಯಾರೋ ಹಾಕಿಹೋಗಿದ್ದರೆ ಜಗಳವಾಡಿ ಮನೆಗೆ ಬರಬೇಡಿ. ಗುರುತು ದೃಢಪಡಿಸಿ ‘ಟೆಂಡರ್ ಮತ’ ಕೇಳಿ. ಕಾಗದದ ಮತಪತ್ರ ಕೊಡುತ್ತಾರೆ, ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಮಾಮೂಲಿ ಎಣಿಕೆಗೆ ಅದು ಸೇರದು, ಆದರೆ ಮೋಸ ನಡೆದದ್ದಕ್ಕೆ ದಾಖಲೆಯಾಗಿ ಉಳಿಯುತ್ತದೆ. ಮತದಾರರ ಮಾಹಿತಿ ಚೀಟಿ ಮಾತ್ರ ಹಿಡಿದು ಹೋದರೆ ಸಾಲದು, ಮತದಾರರ ಗುರುತಿನ ಚೀಟಿ ಅಥವಾ ಚುನಾವಣಾ ಆಯೋಗ ಒಪ್ಪಿದ ಬೇರೆ ದಾಖಲೆ ಜೊತೆಗಿರಲಿ.

ಗ್ರಾಮಸಭೆಯಲ್ಲಿ ಕೊನೆಯ ಪುಟದವರೆಗೆ

ಕರ್ನಾಟಕದ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ 1993ರ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಹಾಜರಿದ್ದರೆ ಕೋರಂ. ಹಾಜರಾದವರಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಶೇ 30ರಷ್ಟು ಮಹಿಳೆಯರಿರಬೇಕು. ಅದಕ್ಕೂ ಮೊದಲು ವಾರ್ಡ್ ಸಭೆ ನಡೆಯಬೇಕು. ಮನೆ ಯಾರಿಗೆ, ಚರಂಡಿ ಎಲ್ಲಿ ಎಂಬ ಬೇಡಿಕೆ ಪಟ್ಟಿ ಅಲ್ಲಿಂದಲೇ ಮೇಲೆ ಹೋಗುವುದು. ವಾರ್ಡ್ ಸಭೆಗೆ ಹೋಗದೆ ಗ್ರಾಮಸಭೆಯಲ್ಲಿ ಕೂಗಾಡುವವರಿಗೆ ಫಲ ಸಿಗುವುದು ಕಷ್ಟ.

ಸಭೆ ಕೆಡುವ ದಾರಿಗಳು ಎಲ್ಲರಿಗೂ ಗೊತ್ತು. ಕಳೆ ತೆಗೆಯುವ ಕಾಲದಲ್ಲಿ ಹನ್ನೊಂದು ಗಂಟೆಗೆ ಸಭೆ ಇಡುತ್ತಾರೆ, ಹೆಣ್ಣುಮಕ್ಕಳು ಹೊಲದಲ್ಲಿರುತ್ತಾರೆ. ಕೋರಂ ಇಲ್ಲದಿದ್ದರೆ ಪುಸ್ತಕವನ್ನು ಮನೆಮನೆಗೆ ಒಯ್ದು ಸಹಿ ಹಾಕಿಸುತ್ತಾರೆ. ಠರಾವನ್ನು ಆಮೇಲೆ ಬರೆಯುತ್ತಾರೆ, ಆಡಿದ ಮಾತೇ ಬೇರೆ, ಬರೆದ ಮಾತೇ ಬೇರೆ ಆಗುತ್ತದೆ. ಇದಕ್ಕೆ ಮದ್ದು ನಿಮ್ಮ ಕೈಯಲ್ಲೇ ಇದೆ. ಸಭೆ ನಡೆಯದೆ ಮನೆಗೆ ಬಂದ ಪುಸ್ತಕಕ್ಕೆ ಸಹಿ ಹಾಕಬೇಡಿ. ಸಭೆಯಲ್ಲಿ ನಿಮ್ಮ ಬೇಡಿಕೆಯನ್ನು ಬರೆದು ಕೊಡಿ, ಇನ್ನೊಂದು ಪ್ರತಿಗೆ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಸಹಿ, ಮೊಹರು ಹಾಕಿಸಿಕೊಳ್ಳಿ. ಏಳುವ ಮೊದಲು ನಡಾವಳಿಯನ್ನು ಗಟ್ಟಿಯಾಗಿ ಓದಿಸಿ, ಕೊನೆಯ ಸಾಲಿನ ಕೆಳಗೆ ಖಾಲಿ ಜಾಗ ಬಿಡದೆ ಸಹಿ ಹಾಕಿ, ಮೊಬೈಲಿನಲ್ಲಿ ಪುಟದ ಫೋಟೊ ತೆಗೆದುಕೊಳ್ಳಿ. ಪಂಚಾಯಿತಿಗೆ ಬಂದ ಹಣ, ಖರ್ಚಾದ ಹಣ ಇ-ಗ್ರಾಮ್‌ಸ್ವರಾಜ್ ಜಾಲತಾಣದಲ್ಲಿ ಎಲ್ಲರಿಗೂ ಕಾಣುತ್ತದೆ. ಊರಿನ ಓದಿದ ಹುಡುಗಿಯೊಬ್ಬಳು ಅದರ ಮುದ್ರಿತ ಪ್ರತಿ ತಂದು ಕೂತರೆ ಸಭೆಯ ಧಾಟಿಯೇ ಬದಲಾಗುತ್ತದೆ.

ಹತ್ತು ರೂಪಾಯಿಯ ಅರ್ಜಿ

ಸಭೆಯಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಇದೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕಾರ್ಡಿನ ಪ್ರತಿ ಲಗತ್ತಿಸಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲಿಯೇ: ಊರಿನ ಎಲ್ಲ ದೂರನ್ನೂ ಒಂದೇ ಹಾಳೆಗೆ ತುಂಬುತ್ತಾರೆ, ಇಲ್ಲವೇ “ರಸ್ತೆ ಯಾಕೆ ಹಾಳಾಯಿತು” ಎಂದು ಕೇಳುತ್ತಾರೆ. ಮಾಹಿತಿ ಅಧಿಕಾರಿ ಕೊಡಬೇಕಾದದ್ದು ಕಚೇರಿಯಲ್ಲಿರುವ ದಾಖಲೆ, ಕಾರಣಗಳ ವಿವರಣೆ ಅಲ್ಲ. ಆದ್ದರಿಂದ ಹೀಗೆ ಬರೆಯಿರಿ: “ನಮ್ಮ ಗ್ರಾಮದ 2ನೇ ವಾರ್ಡಿನ ಸಿ.ಸಿ. ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಪಾವತಿಸಿದ ಬಿಲ್ಲು ಮತ್ತು ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರದ ದೃಢೀಕೃತ ನಕಲು ಕೊಡಿ.” ಅಳತೆ ಪುಸ್ತಕ ಕೈಗೆ ಬಂದರೆ ಟೇಪು ಹಿಡಿದು ರಸ್ತೆಗೆ ಹೋಗಿ. ಬರೆದ ಉದ್ದ, ಅಗಲ, ದಪ್ಪ ನೆಲದ ಮೇಲೆ ಇದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೇ ಕಾಯ್ದೆಯಲ್ಲಿದೆ. ಇದನ್ನು ಬಳಸುವವರು ವಿರಳ, ಬಳಸಬೇಕು.

ಉತ್ತರಕ್ಕೆ 30 ದಿನ. ಅವಧಿ ಮೀರಿದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು. ಉತ್ತರ ಬರದಿದ್ದರೆ ಅಥವಾ ಅರೆಬರೆ ಬಂದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅವರು 30 ದಿನದಲ್ಲಿ, ತಡವಾದರೆ 45 ದಿನದೊಳಗೆ ತೀರ್ಮಾನಿಸಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಬೆಂಗಳೂರಿನವರೆಗೆ ಹೋಗಬೇಕೆಂಬ ಅಂಜಿಕೆ ಬೇಡ, ಆಯೋಗದ ಪೀಠ ಕಲಬುರಗಿಯಲ್ಲೇ ಇದೆ. ಸಕಾರಣವಿಲ್ಲದೆ ಮಾಹಿತಿ ತಡೆದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ, ರಸೀದಿಯನ್ನು ಅರ್ಜಿಯ ನಕಲಿಗೆ ಪಿನ್ ಮಾಡಿಡಿ. ದಿನಗಳ ಲೆಕ್ಕ ಶುರುವಾಗುವುದು ಅರ್ಜಿ ಕಚೇರಿ ತಲುಪಿದ ದಿನದಿಂದ, ಮೇಲ್ಮನವಿಯಲ್ಲಿ ಅದನ್ನು ತೋರಿಸಲು ಆ ರಸೀದಿ ಬೇಕಾಗುತ್ತದೆ. ಒಬ್ಬರೇ ಹಾಕುವ ಬದಲು ಇಬ್ಬರು ಮೂವರು ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಕಾಮಗಾರಿಯ ಬಗ್ಗೆ ಹಾಕುವುದು ಮೇಲು: ಒಬ್ಬರ ಮೇಲೆಯೇ ಊರಿನ ಒತ್ತಡ ಬೀಳುವುದಿಲ್ಲ, ಒಂದು ಅರ್ಜಿ ತಿರಸ್ಕೃತವಾದರೂ ಉಳಿದವು ನಡೆಯುತ್ತಿರುತ್ತವೆ.